ಹವಳ ಬಾಡಿದಾಗ ಕೈಗೆ ಬರುವ ಯಂತ್ರ: ಹನ್ನಾ ಎಚ್‌ಐ772

ಹನ್ನಾ ಕಂಪನಿಯ ಎಚ್‌ಐ772 ಮನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ ಹವಳ ಸಾಕುವವರಿಗೆ ಬೇಕಾಗುವ, ಅಂಗೈಯಲ್ಲಿ ಹಿಡಿಸುವ ಪುಟ್ಟ ಮೀಟರ್. ಉಪ್ಪುನೀರಿನ ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ಶಕ್ತಿ, ಬಹುಪಾಲು ಬೈಕಾರ್ಬೊನೇಟಿನದು) ಅಳೆದು ಡಿಕೆಎಚ್ ಎಂಬ ಮಾನದ ಲೆಕ್ಕದಲ್ಲಿ ತೋರಿಸುತ್ತದೆ, ಅಷ್ಟೇ. ವ್ಯಾಪ್ತಿ 0ಯಿಂದ 20, ತೋರಿಸುವುದು 0.1ರ ಹಂತದಲ್ಲಿ. ಕೊಳ್ಳುವಾಗ ಡಬ್ಬಿಯ ಮೇಲಿನ ಸಂಖ್ಯೆ ಸರಿಯಾಗಿ ಓದಿಕೊಳ್ಳಿ: ನೋಡಲು ಹೀಗೇ ಇರುವ ಎಚ್‌ಐ775 ಸಿಹಿನೀರಿಗೆ. ಎಚ್‌ಐ755 ಉಪ್ಪುನೀರಿನದೇ ಆದರೂ ಪಿಪಿಎಂನಲ್ಲಿ (ದಶಲಕ್ಷಕ್ಕೆ ಎಷ್ಟು ಭಾಗ ಎಂದು) ತೋರಿಸುತ್ತದೆ, ಅದನ್ನು 0.056ರಿಂದ ಗುಣಿಸಿದರೆ ಡಿಕೆಎಚ್ ಸಿಗುತ್ತದೆ.

ಪರೀಕ್ಷೆ ಸರಳ. ಗಾಜಿನ ಸೀಸೆಗೆ 10 ಮಿ.ಲೀ. ಟ್ಯಾಂಕಿನ ನೀರು ಹಾಕಿ, ಒಳಗಿಟ್ಟು ಗುಂಡಿ ಒತ್ತಿ ಸೊನ್ನೆ ಹಿಡಿಸಬೇಕು. ಅದೇ ಸೀಸೆಗೆ ಸಿರಿಂಜಿನಿಂದ 1 ಮಿ.ಲೀ. ರೀಜೆಂಟ್ (ಬಣ್ಣ ಬರಿಸುವ ದ್ರಾವಣ) ಸೇರಿಸಿ, ಮುಚ್ಚಳ ಹಾಕಿ ಐದಾರು ಸಲ ಮೆಲ್ಲಗೆ ಮಗುಚಿ, ಮತ್ತೆ ಒಳಗಿಟ್ಟು ಒತ್ತಿದರೆ ಅಂಕಿ ಬರುತ್ತದೆ. ನೀರಿನ ಬಣ್ಣ ಹಳದಿಯಿಂದ ಹಸಿರುನೀಲಿಯವರೆಗೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಒಳಗಿನ ಬೆಳಕು ಓದುತ್ತದೆ. ಬಣ್ಣ ತಿರುಗಿತೋ ಇಲ್ಲವೋ ಎಂದು ಟ್ಯೂಬ್‌ಲೈಟಿನ ಕೆಳಗೆ ಕಣ್ಣು ಕಿರಿದು ಮಾಡಿ ನೋಡುವ ಪಾಡಿಲ್ಲ. ಬಣ್ಣ ತಿರುಗುವವರೆಗೆ ಹನಿ ಹಾಕುತ್ತಾ ಹನಿಗೆ ಒಂದು ಡಿಕೆಎಚ್ ಎಣಿಸುವ ಕಿಟ್‌ಗಳಿಗಿಂತ ಇದು ಎಷ್ಟೋ ಸೂಕ್ಷ್ಮ.

ಆದರೆ 0.1 ತೋರಿಸುತ್ತದೆ ಎಂದರೆ 0.1ರಷ್ಟು ನಿಖರ ಎಂದಲ್ಲ. ಕಂಪನಿಯೇ ಹೇಳುವ ನಿಖರತೆ ±0.3 ಡಿಕೆಎಚ್, ಅದರ ಮೇಲೆ ಬಂದ ಅಂಕಿಯ ±5%. ಪರದೆಯಲ್ಲಿ 8.0 ಬಂದರೆ ನಿಜವಾದದ್ದು 7.3ರಿಂದ 8.7ರ ನಡುವೆ ಎಲ್ಲಾದರೂ ಇರಬಹುದು. ನಿನ್ನೆ 8.1, ಇವತ್ತು 7.9 ಎಂದು ಗಾಬರಿಯಾಗಿ ಆಲ್ಕಲಿನಿಟಿ ಏರಿಸಲು ಅಡುಗೆ ಸೋಡಾ ಸುರಿಯುವವರು ಹವಳಕ್ಕೆ ಮಾಡುವುದು ಉಪಕಾರವಲ್ಲ. ಎರಡು ಸಲ ಅಳೆದು ಸರಾಸರಿ ಹಿಡಿಯಿರಿ. ಎರಡರ ಅಂತರ 0.3 ದಾಟಿದರೆ ಮೂರನೆಯ ಸಲ ಅಳೆಯಿರಿ.

ಅಂಕಿ ಕುಣಿದಾಡಿದರೆ ಬಹುಪಾಲು ತಪ್ಪು ಕೈಯದ್ದೇ. ಸಿರಿಂಜಿನೊಳಗೆ ಗಾಳಿಗುಳ್ಳೆ ಉಳಿದರೆ ರೀಜೆಂಟ್ 1 ಮಿ.ಲೀ.ಗಿಂತ ಕಡಿಮೆಯಾಗಿ ಲೆಕ್ಕವೇ ಕೆಡುತ್ತದೆ. ಗಾಜಿನ ಮೇಲಿನ ಬೆರಳ ಗುರುತು ಬೆಳಕನ್ನು ತಡೆಯುತ್ತದೆ, ಎಳೆ ಬಿಡದ ಬಟ್ಟೆಯಿಂದ ಒರೆಸಿಯೇ ಒಳಗಿಡಬೇಕು. ಸೀಸೆಯನ್ನು ಜೋರಾಗಿ ಕುಲುಕುವುದಂತೂ ಬೇಡವೇ ಬೇಡ: ರೀಜೆಂಟಿನ ಆಮ್ಲ ನೀರಿನ ಬೈಕಾರ್ಬೊನೇಟನ್ನು ಕಾರ್ಬನ್ ಡೈಆಕ್ಸೈಡ್ ಮಾಡುವುದರಿಂದ ಸಣ್ಣ ಗುಳ್ಳೆಗಳು ಹೇಗೂ ಗಾಜಿಗೆ ಅಂಟುತ್ತವೆ, ಕುಲುಕಿದರೆ ಇನ್ನಷ್ಟು. ಹೊಸ ರೀಜೆಂಟ್ ಬಾಟಲಿ ತೆರೆದ ದಿನ ಹಳೆಯದರಲ್ಲಿ ಉಳಿದಿರುವಾಗಲೇ ಒಂದೇ ನೀರನ್ನು ಎರಡರಲ್ಲೂ ಅಳೆದು ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಇಲ್ಲವಾದರೆ ಬಾಟಲಿ ಬದಲಾದದ್ದನ್ನೇ ಟ್ಯಾಂಕ್ ಬದಲಾಯಿತು ಎಂದುಕೊಳ್ಳುತ್ತೀರಿ.

ಈ ಯಂತ್ರದ ನಿಜವಾದ ಬೆಲೆ ತಿಳಿಯುವುದು ದಿನದಿನದ ಅಂಕಿಗಳನ್ನು ಪಕ್ಕಪಕ್ಕ ಇಟ್ಟಾಗ. ಆರೋಗ್ಯವಾಗಿರುವ ಗಟ್ಟಿ ಹವಳ ಎಲುಬು ಕಟ್ಟಲು ಆಲ್ಕಲಿನಿಟಿಯನ್ನು ದಿನವೂ ಬಳಸುತ್ತದೆ. 24 ಗಂಟೆ ಡೋಸಿಂಗ್ (ಹವಳ ಬಳಸಿದ್ದನ್ನು ಪಂಪಿನಿಂದ ತುಂಬುವುದು) ನಿಲ್ಲಿಸಿ ಮೊದಲು 8.4, ಆಮೇಲೆ 7.6 ಬಂದರೆ ದಿನದ ಬಳಕೆ 0.8. ಹವಳ ಒತ್ತಡಕ್ಕೆ ಸಿಕ್ಕಿದರೆ ಎಲುಬು ಕಟ್ಟುವ ಕೆಲಸ ನಿಧಾನವಾಗುತ್ತದೆ, ಬಳಕೆ ಇಳಿಯುತ್ತದೆ. ಪಂಪ್ ಮಾತ್ರ ಹಳೆಯ ಲೆಕ್ಕದಲ್ಲೇ ಸುರಿಯುತ್ತಿರುತ್ತದೆ. ಹಾಗಾಗಿ ಡೋಸ್ ಬದಲಿಸದೆಯೂ ಅಂಕಿ ನಾಲ್ಕೈದು ದಿನ ಒಂದೇ ಸಮನೆ ಏರುತ್ತಿದ್ದರೆ, ಬಣ್ಣ ಇನ್ನೂ ಚೆನ್ನಾಗಿದ್ದರೂ, ಯಾವುದೋ ಹವಳ ಸುಸ್ತಾಗಿರಬಹುದು ಎಂದು ಅನುಮಾನಿಸಿ. ದಿನವೂ ಒಂದೇ ಹೊತ್ತಿಗೆ ಅಳೆದರೆ ಮಾತ್ರ ಈ ಸುಳಿವು ಸಿಗುತ್ತದೆ. ಬೆಳಕಿರುವಾಗ ಬಳಕೆ ಹೆಚ್ಚು, ಕತ್ತಲಲ್ಲಿ ಕಡಿಮೆ.

ಏರಿದ್ದರೆ ಡೋಸ್ ತಗ್ಗಿಸಿ ತಾನಾಗಿ ಇಳಿಯಲು ಬಿಡಿ, ಆಮ್ಲ ಹಾಕಬೇಡಿ. ನೈಟ್ರೇಟ್, ಫಾಸ್ಫೇಟ್ ಸೊನ್ನೆಯ ಹತ್ತಿರವಿರುವ ಟ್ಯಾಂಕಿನಲ್ಲಿ ಆಲ್ಕಲಿನಿಟಿ ಹೆಚ್ಚಾದರೆ ಕವಲು ಹವಳಗಳ ತುದಿ ಸುಟ್ಟಂತೆ ಬಿಳುಚುತ್ತದೆ. ಇಳಿದಿದ್ದರೆ ಲೆಕ್ಕ ಹೀಗೆ: 100 ಲೀಟರ್ ನೀರಿನಲ್ಲಿ 1 ಡಿಕೆಎಚ್ ಏರಿಸಲು ಸುಮಾರು 3 ಗ್ರಾಂ ಅಡುಗೆ ಸೋಡಾ. ಕಲ್ಲು, ಮರಳು ಕಳೆದು ನಿಜವಾಗಿ 170 ಲೀಟರ್ ನೀರಿದ್ದು, 6.2ರಿಂದ 8ಕ್ಕೆ ತರಬೇಕಾದರೆ 9 ಗ್ರಾಂ ಚಿಲ್ಲರೆ. ಒಂದೇ ದಿನ ಹಾಕಬೇಡಿ. ದಿನಕ್ಕೆ 0.5 ಡಿಕೆಎಚ್ ಮೀರದಂತೆ ನಾಲ್ಕು ದಿನಕ್ಕೆ ಹಂಚಿ, ಆರ್‌ಓ ನೀರಿನಲ್ಲಿ ಕರಗಿಸಿ, ಹರಿವು ಜೋರಾಗಿರುವ ಜಾಗದಲ್ಲಿ ನಿಧಾನಕ್ಕೆ ಸುರಿಯಿರಿ. ದಿನನಿತ್ಯದ ಬಳಕೆಯನ್ನು ತುಂಬುವ ಡೋಸ್ ಇದರ ಹೊರತು. ಬೆಳಗಿನ ಜಾವ ಪಿಎಚ್ ಇಳಿದಿದೆ ಎಂದು ಬಫರ್ (ಆಲ್ಕಲಿನಿಟಿ ಏರಿಸುವ ಮದ್ದು) ಹಾಕುವ ಅಭ್ಯಾಸವಿದ್ದರೆ ಬಿಡಿ. ರಾತ್ರಿ ಇಳಿಯುವುದು ಕಾರ್ಬನ್ ಡೈಆಕ್ಸೈಡ್‌ನಿಂದ, ಅದು ಆಲ್ಕಲಿನಿಟಿಯನ್ನು ಮುಟ್ಟುವುದಿಲ್ಲ.

ನೀರು ಬದಲಿಸುವ ಮುಂಚೆ ಬಕೆಟ್ಟಿನ ಹೊಸ ಉಪ್ಪುನೀರನ್ನೂ ಅಳೆಯಿರಿ. ಟ್ಯಾಂಕ್ 8, ಬಕೆಟ್ 12 ಇದ್ದರೆ 20% ಬದಲಾವಣೆ ಒಂದೇ ಏಟಿಗೆ 8.8ಕ್ಕೆ ಒಯ್ಯುತ್ತದೆ, ಆಗಲೇ ಸೊರಗಿರುವ ಹವಳಕ್ಕೆ ಇದೂ ಒಂದು ಪೆಟ್ಟು.

ಈ ಮೀಟರಿಗೆ ಕಾಣದ್ದೂ ಬಹಳ ಇದೆ. ಉಪ್ಪಿನಂಶ 35ರ ಬದಲು 31 ಪಿಪಿಟಿಗೆ (ಸಾವಿರಕ್ಕೆ 31 ಭಾಗಕ್ಕೆ) ಇಳಿದಿದ್ದರೆ 8 ಇರಬೇಕಾದ ಆಲ್ಕಲಿನಿಟಿ 7.1ರಷ್ಟೇ ಕಾಣುತ್ತದೆ, ಆಗ ಸೋಡಾ ಹಾಕುವುದು ತಪ್ಪು ಮದ್ದು. ಆದ್ದರಿಂದ 35 ಪಿಪಿಟಿ ದ್ರಾವಣದಲ್ಲಿ ಸರಿಹೊಂದಿಸಿದ, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಮೊದಲು, ಥರ್ಮಾಮೀಟರ್ ಎರಡನೆಯದು, ಇದು ಮೂರನೆಯದು. ಮಾಂಸ ಉಳಿದು ಬಣ್ಣವಷ್ಟೇ ಬಿಳಿಚಿದ್ದರೆ ಅದು ಒಳಗಿನ ಪಾಚಿ ಹೊರಬಿದ್ದ ಲಕ್ಷಣ. ಹೆಚ್ಚಾಗಿ ಬೆಳಕು ಅಥವಾ ಬಿಸಿಯ ಕಾರಣ. ಬೆಳಕು ತಗ್ಗಿಸಿ, ಜಾಗ ಪದೇ ಪದೇ ಬದಲಿಸಬೇಡಿ. ಮಾಂಸವೇ ಗಂಟೆಗಟ್ಟಲೆಯಲ್ಲಿ ಕಳಚಿ ಬೀಳುತ್ತಿದ್ದರೆ ಮೀಟರ್ ಪಕ್ಕಕ್ಕಿಟ್ಟು ಕಟ್ಟರ್ ತೆಗೆದುಕೊಳ್ಳಿ, ಇನ್ನೂ ಚೆನ್ನಾಗಿರುವ ತುದಿಯನ್ನು ಕತ್ತರಿಸಿ ಬೇರೆ ಕಲ್ಲಿಗೆ ಅಂಟಿಸಿ.

ಮೆದು ಹವಳ ಮಾತ್ರ ಸಾಕಿದವರಿಗೆ ಸಾಮಾನ್ಯ ಹನಿ ಕಿಟ್ ಸಾಕು. ಗಟ್ಟಿ ಹವಳ, ಅದರಲ್ಲೂ ಕವಲು ಜಾತಿಯವು ಇದ್ದು ಡೋಸಿಂಗ್ ಪಂಪ್ ಓಡುತ್ತಿದ್ದರೆ ಇದನ್ನು ಕೊಳ್ಳಿ, ಜೊತೆಗೆ ಒಂದು ರೀಜೆಂಟ್ ಬಾಟಲಿ ಹೆಚ್ಚಿಗೆ ಇರಲಿ. ಒಂದರಲ್ಲಿ ಬರುವುದು 25 ಪರೀಕ್ಷೆ. ಹವಳ ಸೊರಗಿದಾಗ ದಿನಕ್ಕೆ ಎರಡರಂತೆ ಅಳೆದರೆ ಹದಿಮೂರನೆಯ ದಿನ ಖಾಲಿ.