ಚಳಿಗಾಲದಲ್ಲಿ ಕಾಶ್ಮೀರಕ್ಕೆ ಲಾರಿ ಒಯ್ಯುವವರೇ, ಇಂಜಿನ್ ನೀರಿನ ಬಗ್ಗೆ ಹುಷಾರು

ದಾವಣಗೆರೆ, ಹರಿಹರ, ಚಿತ್ರದುರ್ಗದ ಲಾರಿಯವರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಒಂದೇ ರಾತ್ರಿಯಲ್ಲಿ ನನ್ನ ಲಾರಿಯ ಇಂಜಿನ್ ಬ್ಲಾಕ್, ಅಂದರೆ ಇಂಜಿನ್‌ನ ಬೀಡು ಕಬ್ಬಿಣದ ಮೈ, ಸೀಳಿಹೋಯಿತು. ಆಕ್ಸಿಡೆಂಟ್ ಆಗಿರಲಿಲ್ಲ, ಓವರ್‌ಲೋಡೂ ಇರಲಿಲ್ಲ. ಒಳಗಿದ್ದ ನೀರೇ ಒಡೆದು ಹಾಕಿತು.

ಭೀಮಸಮುದ್ರದಿಂದ ಅಡಿಕೆ ತುಂಬಿಕೊಂಡು ದೆಹಲಿಗೆ ಹೋಗಿದ್ದೆ. ಅಲ್ಲಿಂದ ಶ್ರೀನಗರಕ್ಕೆ ಲೋಡ್ ಸಿಕ್ಕಿತು, ಬರುವಾಗ ಸೇಬು ಸಿಗುತ್ತದೆ ಅಂದರು. ಜನವರಿ ಮೊದಲ ವಾರ. ಹೋಗುವಾಗ ಮೋಡ ಕವಿದಿತ್ತು, ಇಂಜಿನ್‌ಗೆ ಏನೂ ಆಗಲಿಲ್ಲ. ಅಲ್ಲೇ ನನಗೆ ಧೈರ್ಯ ಬಂದಿದ್ದು. ವಾಪಸ್ ಬರುವಾಗ ರಾಂಬನ್ ಹತ್ತಿರ ಗುಡ್ಡ ಕುಸಿದು ರಸ್ತೆ ಬಂದ್ ಆಯಿತು. ಲಾರಿಗಳನ್ನೆಲ್ಲ ಖಾಜಿಗುಂಡ್‌ನಲ್ಲೇ ನಿಲ್ಲಿಸಿದರು. ಆವತ್ತು ರಾತ್ರಿ ಆಕಾಶ ಪೂರ್ತಿ ತಿಳಿಯಾಗಿ ನಕ್ಷತ್ರ ಕಾಣುತ್ತಿತ್ತು. ಮೋಡ ಇದ್ದರೆ ಕಂಬಳಿ ಹೊದ್ದ ಹಾಗೆ, ನೆಲದ ಕಾವು ಉಳಿಯುತ್ತದೆ. ಮೋಡ ಸರಿದ ರಾತ್ರಿಯೇ ಚಳಿ ಜಾಸ್ತಿ ಅನ್ನೋದು ನನಗೆ ಗೊತ್ತಿರಲಿಲ್ಲ.

ನಮ್ಮೂರಲ್ಲಿ 14–15 ಡಿಗ್ರಿಗೆ ಇಳಿದರೆ ಮಫ್ಲರ್ ಸುತ್ತಿಕೊಳ್ಳುತ್ತೇವೆ. ಹಳೇ ಲಾರಿಯ ರೇಡಿಯೇಟರ್‌ಗೆ ಬೋರ್ ನೀರು ಹಾಕಿಕೊಂಡೇ ಓಡಿಸಿದವನು ನಾನು. ಪಕ್ಕದ ಪಂಜಾಬಿನ ಡ್ರೈವರ್ ಅದನ್ನು ಕೇಳಿ, ಮಲಗುವ ಮೊದಲು ನೀರು ಪೂರ್ತಿ ಬಿಡು ಅಂತ ಹೇಳಿದ್ದ. ಬಿಟ್ಟೆವು ಕೂಡ. ರೇಡಿಯೇಟರ್ ಕೆಳಗಿನ ಕಾಕ್‌ನಿಂದ (ನೀರು ಬಿಡುವ ಸಣ್ಣ ನಲ್ಲಿ) ಧಾರೆಯಾಗಿ ಸುರಿಯಿತು. ಬ್ಲಾಕ್‌ನ ಪಕ್ಕದಲ್ಲಿರುವ ಕಾಕ್ ತೆಗೆದಾಗ ನಾಲ್ಕು ಹನಿ ಕೆಂಪು ನೀರು ಬಂದು ನಿಂತುಹೋಯಿತು. ಕ್ಲೀನರ್ ಹುಡುಗ, "ಅಣ್ಣಾ, ಖಾಲಿ ಆತು ನೋಡ್ರಿ" ಅಂದ. ನಾನೂ ನಂಬಿ ಮಲಗಿದೆ.

ಖಾಲಿ ಆಗಿರಲಿಲ್ಲ. ನಮ್ಮ ಬೋರ್ ನೀರಿನ ಸುಣ್ಣ, ಜೊತೆಗೆ ತುಕ್ಕು, ಎರಡೂ ಸೇರಿ ಆ ಸಣ್ಣ ತೂತನ್ನು ಒಳಗಿನಿಂದ ಮುಚ್ಚಿಬಿಟ್ಟಿದ್ದವು. ನೀರು ಹೆಪ್ಪುಗಟ್ಟಿದರೆ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಬೀಡು ಕಬ್ಬಿಣ ಹಿಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಬೆಳಿಗ್ಗೆ ರೇಡಿಯೇಟರ್‌ಗೆ ಉಗುರುಬೆಚ್ಚಗಿನ ನೀರು ಹಾಕಿ ಇಂಜಿನ್ ಸ್ಟಾರ್ಟ್ ಮಾಡಿದೆವು. ಸ್ವಲ್ಪ ಹೊತ್ತಿಗೆ ಬ್ಲಾಕ್ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಯಿಂದ ನೀರು ಜಿನುಗತೊಡಗಿತು. ಆಯಿಲ್ ಕಡ್ಡಿ ಎಳೆದು ನೋಡಿದರೆ ಆಯಿಲ್ ಹಾಲು ಹಾಕಿದ ಚಹಾದ ಬಣ್ಣ, ಅಂದರೆ ನೀರು ಆಯಿಲ್‌ಗೂ ಸೇರಿತ್ತು. ಅದನ್ನು ನೋಡಿದಾಗ ನನ್ನ ಕೈ ನಡುಗಿತು.

ಅಲ್ಲಿನ ಮೆಕ್ಯಾನಿಕ್ ಆ ಕಾಕ್ ಬಿಚ್ಚಿ, ತಂತಿ ಹಾಕಿ ಕೆದಕಿ ತೋರಿಸಿದ. ಬೆರಳಿನಷ್ಟು ಕೆಸರು ಉದುರಿತು, ಹಿಂದೆಯೇ ಉಳಿದಿದ್ದ ನೀರು. ರಾತ್ರಿಯೇ ಆ ತಂತಿ ಹಾಕಿದ್ದರೆ ಲಾರಿ ಉಳಿಯುತ್ತಿತ್ತು. ಸೇಬನ್ನು ಬೇರೆ ಲಾರಿಗೆ ದಾಟಿಸಿ, ಬ್ಲಾಕ್ ಬದಲಾಯಿಸಿ ಹೊರಡುವಷ್ಟರಲ್ಲಿ 11 ದಿನ ಹೋಯಿತು. ದುಡ್ಡು ಒಂದೂವರೆ ಲಕ್ಷ ದಾಟಿತು. ಮನೆಯಲ್ಲಿ ಅಪ್ಪನಿಗೆ ಫೋನ್‌ನಲ್ಲಿ ಹೇಳೋದೇ ಕಷ್ಟ ಆಯಿತು.

ದಯವಿಟ್ಟು ಬರೀ ನೀರಲ್ಲಿ ಆ ಕಡೆ ಹೋಗಬೇಡಿ. ಊರಲ್ಲೇ ರೇಡಿಯೇಟರ್, ಬ್ಲಾಕ್ ಎರಡನ್ನೂ ತೊಳೆಸಿ, ಎಥಿಲೀನ್ ಗ್ಲೈಕಾಲ್ (ನೀರು ಬೇಗ ಹೆಪ್ಪುಗಟ್ಟದಂತೆ ತಡೆಯುವ ದ್ರವ) ಇರುವ ಕೂಲಂಟ್ ಹಾಕಿಸಿ. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿದರೆ ಮೈನಸ್ 35ರ ತನಕ ಹೆದರಿಕೆ ಇಲ್ಲ. ಜಾಸ್ತಿ ಹಾಕಿದಷ್ಟೂ ಒಳ್ಳೇದು ಅಂದುಕೊಳ್ಳಬೇಡಿ, ಅಪ್ಪಟ ಗ್ಲೈಕಾಲ್ ಮೈನಸ್ 13ರ ಹತ್ತಿರವೇ ಗಟ್ಟಿಯಾಗುತ್ತದೆ. ಮೊದಲೇ ಬೆರೆಸಿ ಮಾರುವ ಕ್ಯಾನ್‌ಗೆ ಮತ್ತೆ ನೀರು ಸೇರಿಸಬೇಡಿ. ಹಸಿರು ಬಣ್ಣ ನೋಡಿ ಕೊಳ್ಳಬೇಡಿ, ಎಷ್ಟು ಡಿಗ್ರಿವರೆಗೆ ತಡೆಯುತ್ತದೆ ಅಂತ ಕ್ಯಾನ್ ಮೇಲೆ ಬರೆದಿರುತ್ತದೆ, ಅದನ್ನು ಓದಿ.

ಕಾರಲ್ಲಿ ಮನಾಲಿಗೆ ಹೊರಡುವವರಿಗೂ ಇದೇ ಮಾತು. ಕೂಲಂಟ್ ಕಮ್ಮಿಯಾದಾಗಲೆಲ್ಲ ಸುಮ್ನೆ ನಲ್ಲಿ ನೀರು ತುಂಬಿಸಿರುತ್ತೀರಿ, ಅಲ್ವಾ? ಅದು ತೆಳುವಾಗಿ ಕೆಲಸಕ್ಕೆ ಬಾರದ ಹಾಗೆ ಆಗಿರುತ್ತದೆ. ಹೊರಡುವ ಮುಂಚೆ ಹೈಡ್ರೋಮೀಟರ್ (ಕೂಲಂಟ್ ಎಷ್ಟು ತೆಳುವಾಗಿದೆ ಅಂತ ಅಳೆಯುವ ಸಾಧನ) ಇರುವ ಗ್ಯಾರೇಜ್‌ನಲ್ಲಿ ಒಮ್ಮೆ ಚೆಕ್ ಮಾಡಿಸಿ. ತೆಗೆದ ಹಳೇ ಕೂಲಂಟನ್ನು ಮಾತ್ರ ಎಲ್ಲೆಂದರಲ್ಲಿ ಚೆಲ್ಲಬೇಡಿ. ರುಚಿ ಸಿಹಿ, ಆದರೆ ವಿಷ. ನಾಯಿಗಳು ನೆಕ್ಕಿ ಸಾಯುತ್ತವೆ.