ನಾಲ್ಕು ಹೆಡ್‌ಫೋನ್, ಒಂದೇ ಹಾಡು

ನನ್ನ ಹಳೇ ಇಯರ್‌ಫೋನ್ ಕೊನೆಕೊನೆಗೆ ಒಂದೇ ಕಿವಿಯಲ್ಲಿ ಹಾಡುತ್ತಿತ್ತು. ಪ್ಲಗ್ ಹತ್ತಿರ ವೈರನ್ನು ಬಗ್ಗಿಸಿ ಹಿಡಿದರೆ ಎಡಗಡೆ ದನಿ ಬರುತ್ತಿತ್ತು, ಬೆರಳು ತೆಗೆದರೆ ಹೋಗುತ್ತಿತ್ತು. ಹೊಸದು ಬೇಕಿತ್ತು, ಜಾಸ್ತಿ ಖರ್ಚು ಮಾಡುವ ಸ್ಥಿತಿ ಇರಲಿಲ್ಲ. ಹಾಗಂತ ಯಾವುದೋ ಒಂದನ್ನು ಸುಮ್ನೆ ತಂದುಬಿಡಲೂ ಮನಸ್ಸಾಗಲಿಲ್ಲ. ದಿನಕ್ಕೆ ಎರಡು ಮೂರು ಗಂಟೆ ಹಾಡು ಕೇಳುವವಳು ನಾನು.

ಎರಡು ಕೊಂಡೆ, ಎರಡನ್ನು ಗೆಳೆಯರಿಂದ ಕೇಳಿ ತಂದೆ. ಕಾಸ್ ಪೋರ್ಟಾ ಪ್ರೊ, ಆಡಿಯೋ-ಟೆಕ್ನಿಕಾ ಎಂ20ಎಕ್ಸ್, ಮೂನ್‌ಡ್ರಾಪ್ ಚೂ, ಜೊತೆಗೆ ಹೆಚ್ಚುಕಡಿಮೆ ಅಷ್ಟೇ ಬೆಲೆಯ ಒಂದು ಬ್ಲೂಟೂತ್ ಹೆಡ್‌ಫೋನ್. ಆರು ವಾರ ಸರದಿ ಮೇಲೆ ಕೇಳಿದೆ. ಪರೀಕ್ಷೆಗೆ ಒಂದೇ ಹಾಡು: ಹೆಣ್ಣು ದನಿ, ಹಿಂದೆ ತಂಬೂರಿ, ತಬಲಾ, ಪಿಟೀಲು. ಹಾಡು ಪೂರ್ತಿ ಅಲ್ಲ, ಮಧ್ಯದ ನಲವತ್ತು ಸೆಕೆಂಡು ಮಾತ್ರ. ಅದೇ ತುಣುಕು, ಮತ್ತೆ ಮತ್ತೆ.

ಶುರುವಿನಲ್ಲೇ ಒಂದು ತಪ್ಪು ಮಾಡಿದ್ದೆ. ವಾಲ್ಯೂಮ್ ಮುಟ್ಟದೆ ಒಂದನ್ನು ತೆಗೆದು ಇನ್ನೊಂದನ್ನು ಚುಚ್ಚುತ್ತಿದ್ದೆ. ಒಂದೇ ವಾಲ್ಯೂಮಿಗೆ ಕೆಲವು ಹೆಡ್‌ಫೋನ್ ಜೋರಾಗಿ, ಕೆಲವು ಮೆಲ್ಲಗೆ ಕೇಳುತ್ತವೆ. ಜೋರಾಗಿರೋದೇ ಚೆನ್ನಾಗಿದೆ ಅಂತ ಕಿವಿಗೆ ಅನ್ನಿಸಿಬಿಡುತ್ತದೆ. ಒಂದೆರಡು ಡೆಸಿಬೆಲ್ ವ್ಯತ್ಯಾಸ ಸಾಕು, ಅದು ಜೋರು ಅಂತ ಗೊತ್ತೇ ಆಗುವುದಿಲ್ಲ. ಆಮೇಲೆ ಪ್ರತಿ ಸಲ ಹಾಡುವ ದನಿ ಒಂದೇ ಮಟ್ಟದಲ್ಲಿ ಕೇಳುವ ಹಾಗೆ ಮಾಡಿಕೊಂಡೆ. ಮೊದಲ ವಾರದ ನನ್ನ ಟಿಪ್ಪಣಿ ಎಲ್ಲ ತಲೆಕೆಳಗಾಯಿತು.

ಬ್ಲೂಟೂತ್ ವಿಷಯ ಬೇಗ ಮುಗಿಸುತ್ತೇನೆ. ಓಡಾಡುವಾಗ, ಫೋನಿನಲ್ಲಿ ಮಾತಾಡುವಾಗ ಅದರಷ್ಟು ಅನುಕೂಲ ಬೇರೆ ಯಾವುದೂ ಇಲ್ಲ, ಒಪ್ಪುತ್ತೇನೆ. ಆದರೆ ಅಷ್ಟೇ ದುಡ್ಡಿನಲ್ಲಿ ಬ್ಯಾಟರಿ, ಚಿಪ್, ಮೈಕ್, ಚಾರ್ಜಿಂಗ್ ಎಲ್ಲ ಬರಬೇಕಲ್ವಾ? ನಾನು ಕೇಳಿದ್ದರಲ್ಲಿ ಬೇಸ್, ಅಂದರೆ ಕೆಳಗಿನ ಸ್ವರಗಳು, ಉಬ್ಬಿ ತಬಲಾ ಒಂದೇ ಸಮ ಗುಡುಗುತ್ತಿತ್ತು, ತಂಬೂರಿ ಇದೆ ಅಂತಲೇ ತಿಳಿಯುತ್ತಿರಲಿಲ್ಲ. ಬ್ಯಾಟರಿ ಸೊರಗಿದ ದಿನ ಇಡೀ ಹೆಡ್‌ಫೋನನ್ನೇ ಎಸೆಯಬೇಕಾಗಬಹುದು ಅನ್ನೋದು ಬೇರೆ. ದನಿಯೇ ಮುಖ್ಯ ಅನ್ನುವವರು ಈ ಬಜೆಟ್‌ನಲ್ಲಿ ವೈರಿನದ್ದೇ ನೋಡಿ.

ನನಗೆ ಜಾಸ್ತಿ ಪಾಠ ಕಲಿಸಿದ್ದು ನಾಲ್ಕರಲ್ಲಿ ಚಿಕ್ಕದು. ಚೂ ಕಿವಿಯೊಳಗೆ ಕೂರುವ ಇಯರ್‌ಫೋನ್, 10 ಮಿ.ಮೀ. ಡ್ರೈವರ್ (ದನಿ ಹೊರಡಿಸುವ ಭಾಗ), ಲೋಹದ ಮೈ. ಮೊದಲ ದಿನ ಹಾಕಿಕೊಂಡಾಗ ದನಿ ತೆಳ್ಳಗೆ, ತಗಡು ಬಡಿದ ಹಾಗೆ ಕೇಳಿತು. ತಬಲಾದ ಡಗ್ಗ, ಅಂದರೆ ಎಡಗೈಯ ದಪ್ಪ ದನಿ, ಇರಲೇ ಇಲ್ಲ. ವಾಪಸ್ ಕೊಡೋಣ ಅಂದುಕೊಂಡಿದ್ದೆ. ಸಂಜೆ ಡಬ್ಬಿಯಲ್ಲಿದ್ದ ಸಿಲಿಕಾನ್ ಟಿಪ್‌ಗಳನ್ನು ತೆಗೆದು ನೋಡಿದೆ, ಮೂರು ಅಳತೆ ಇದ್ದವು. ನಡುವಿನದನ್ನು ಕಿತ್ತು ದೊಡ್ಡದನ್ನು ಹಾಕಿದೆ. ಕಿವಿಯನ್ನು ಮೇಲಕ್ಕೆ ಸ್ವಲ್ಪ ಎಳೆದು ಹಿಡಿದು ಒಳಗೆ ಕೂರಿಸಿದೆ. ಕೋಣೆಯ ಫ್ಯಾನ್ ಸದ್ದು ಥಟ್ಟನೆ ಇಳಿಯಿತು. ಹಾಡು ಹಾಕಿದರೆ ಡಗ್ಗದ ಮೇಲೆ ಅಂಗೈ ಜಾರಿಸಿ ಎಳೆಯುವ ಆ ಗುಂ... ಎಂಬ ದನಿ ಪೂರ್ತಿ, ದುಂಡಗೆ ಬಂತು. ಇಯರ್‌ಫೋನ್ ಅದೇ, ಫೋನ್ ಅದೇ. ಬದಲಾಗಿದ್ದು ಒಂದು ಚೂರು ಸಿಲಿಕಾನ್.

ಕಾರಣ ಸರಳ. ಇಯರ್‌ಫೋನಿಗೂ ಕಿವಿಗೂ ನಡುವೆ ಸಂದಿ ಇದ್ದರೆ ಗಾಳಿ ಸೋರುತ್ತದೆ, ಕೆಳಗಿನ ಸ್ವರಗಳಿಗೆ ಬೇಕಾದ ಒತ್ತಡ ನಿಲ್ಲುವುದಿಲ್ಲ. ಮೇಲಿನ ಸ್ವರಗಳಿಗೆ ಅಷ್ಟೇನೂ ತೊಂದರೆಯಿಲ್ಲ, ಅದಕ್ಕೇ ದನಿ ಬರೀ ಚೂಪಾಗಿ ಕೇಳುತ್ತದೆ. ‘ಬೇಸೇ ಇಲ್ಲ’ ಅಂತ ಬೈಸಿಕೊಂಡ ಎಷ್ಟೋ ಇಯರ್‌ಫೋನ್‌ಗಳು ಸರಿಯಾಗಿ ಕೂತೇ ಇರಲಿಲ್ಲವೇನೋ ಅಂತ ಈಗ ಅನ್ನಿಸುತ್ತದೆ. ಎಡ ಬಲ ಎರಡೂ ಕಿವಿಗೆ ಒಂದೇ ಅಳತೆ ಆಗಬೇಕು ಅಂತಲೂ ಇಲ್ಲ. ನನಗೆ ಬಲಗಡೆ ದೊಡ್ಡದು, ಎಡಗಡೆ ನಡುವಿನದು.

ಚೂ ವೈರನ್ನು ಕಿವಿಯ ಮೇಲಿಂದ ಸುತ್ತಿ ಹಾಕಬೇಕು. ಮೊದಮೊದಲು ಕಿರಿಕಿರಿ ಅನ್ನಿಸಿದರೂ ವೈರ್ ಅಂಗಿಗೆ ಉಜ್ಜುವ ಸರಸರ ಸದ್ದು ಇದರಿಂದ ತುಂಬಾ ಕಡಿಮೆಯಾಗುತ್ತದೆ. ಮೊದಲ ಚೂನಲ್ಲಿ ವೈರ್ ಕಳಚಿ ಬರುವುದಿಲ್ಲ, ಆಮೇಲೆ ಬಂದ ಚೂ 2ರಲ್ಲಿ ಬರುತ್ತದೆ. ನನ್ನ ಹಳೇ ಇಯರ್‌ಫೋನ್ ಸತ್ತದ್ದೇ ವೈರಿನಿಂದ, ಹಾಗಾಗಿ ಇದು ನನಗೆ ಸಣ್ಣ ವಿಷಯ ಅಲ್ಲ.

ಎಂ20ಎಕ್ಸ್ ಕಿವಿಯನ್ನು ಸುತ್ತಿ ಮುಚ್ಚುವ ಮಾದರಿ. 40 ಮಿ.ಮೀ. ಡ್ರೈವರ್, 3 ಮೀಟರ್ ವೈರ್. ಸ್ಟುಡಿಯೋ ಮೇಜಿಗೆ ಅಂತ ಮಾಡಿದ್ದು, ಜೇಬಿಗಲ್ಲ. ಮಾತು ಇದರಲ್ಲಿ ತುಂಬಾ ಸ್ಪಷ್ಟ. ಹಾಡುವವರು ಉಸಿರು ತೆಗೆದುಕೊಳ್ಳುವ ಜಾಗ, ತಾಳದ ಪೆಟ್ಟಿನ ಅಂಚು ಎಲ್ಲ ಬಿಡಿಬಿಡಿಯಾಗಿ ಸಿಗುತ್ತದೆ. ಆದರೆ ನಾನು ಕನ್ನಡಕ ಹಾಕುತ್ತೇನೆ. ಕನ್ನಡಕದ ಕಡ್ಡಿ ಪ್ಯಾಡ್ ಕೆಳಗೆ ಹೋಗುವ ಕಡೆ ಒಂದು ಸಣ್ಣ ಸಂದಿ ಉಳಿಯುತ್ತದೆ. ಕನ್ನಡಕ ತೆಗೆದು ಅದೇ ತುಣುಕು ಕೇಳಿದೆ, ಡಗ್ಗ ತುಂಬಿಕೊಂಡಿತು. ಹಾಕಿಕೊಂಡೆ, ಸ್ವಲ್ಪ ಸೊರಗಿತು. ಮತ್ತೆ ಅದೇ ಗಾಳಿ, ಅದೇ ಸೋರಿಕೆ. ಮುಚ್ಚಿದ ಹೆಡ್‌ಫೋನ್ ಕೊಳ್ಳುವ ಕನ್ನಡಕದವರು ಹಾಕಿ ನೋಡದೆ ಕೊಳ್ಳಬೇಡಿ. ಗಂಟೆಗಟ್ಟಲೆ ಹಾಕಿಕೊಂಡರೆ ಕಿವಿ ಬೆಚ್ಚಗಾಗುತ್ತದೆ, ಅದು ಈ ಮಾದರಿ ಎಲ್ಲಕ್ಕೂ ಇರುವ ಗುಣ.

ಇನ್ನು ಪೋರ್ಟಾ ಪ್ರೊ. 1984ರಲ್ಲಿ ಬಂದದ್ದು, ಇವತ್ತಿಗೂ ಹೆಚ್ಚುಕಡಿಮೆ ಅದೇ ರೂಪದಲ್ಲಿ ಮಾರಾಟವಾಗುತ್ತಿದೆ. ತೆಳು ಲೋಹದ ಪಟ್ಟಿ, ಸ್ಪಂಜಿನ ಪ್ಯಾಡ್, ಹಿಂದುಗಡೆ ತೆರೆದ ಬಿಲ್ಲೆಗಳು. ಮೊದಲ ನೋಟಕ್ಕೆ ಆಟಿಕೆ ಅನ್ನಿಸಿದರೂ ಹಾಡು ಶುರುವಾದ ಮೇಲೆ ನಾನು ಟಿಪ್ಪಣಿ ಬರೆಯುವುದನ್ನು ನಿಲ್ಲಿಸಿಬಿಟ್ಟೆ. ಉಳಿದ ಮೂರರಲ್ಲೂ ಹಾಡು ತಲೆಯೊಳಗೆ ನಡೆಯುತ್ತಿತ್ತು. ಇದರಲ್ಲಿ ತಲೆಯ ಸುತ್ತ ಸ್ವಲ್ಪ ಜಾಗ ಬಿಚ್ಚಿಕೊಂಡಿತು. ತಂಬೂರಿ ಹಿಂದೆ ಹರಡಿಕೊಂಡು, ದನಿ ಅದರ ಮೇಲೆ ನಿಂತ ಹಾಗೆ. ಬೇಸ್ ಬೆಚ್ಚಗಿದೆ, ಮೇಲಿನ ಸ್ವರಗಳು ಚುಚ್ಚುವುದಿಲ್ಲ. ವಿವರ ಹೆಕ್ಕಲು ಕೂತರೆ ಎಂ20ಎಕ್ಸ್ ಮುಂದು, ಆದರೆ ಎರಡು ಗಂಟೆ ಆದರೂ ತೆಗೆಯಬೇಕು ಅನ್ನಿಸದಿದ್ದದ್ದು ಪೋರ್ಟಾ ಪ್ರೊ ಒಂದೇ. ಕನ್ನಡಕಕ್ಕೂ ಜಗಳವಿಲ್ಲ. ಪಕ್ಕದಲ್ಲಿ ಅತ್ತಿತ್ತ ಸರಿಸುವ ಒಂದು ಪುಟ್ಟ ಗುಂಡಿ ಇದೆ, ಭಾರವನ್ನು ಕಿವಿಯಿಂದ ಕಣತಲೆಗೆ ಬದಲಿಸಲು. ಅದನ್ನು ಸರಿಸಿದರೆ ಕಿವಿ ಮೇಲಿನ ಒತ್ತಡ ಇಳಿಯುತ್ತದೆ, ಅದರ ಜೊತೆ ಬೇಸೂ ಸ್ವಲ್ಪ ಇಳಿಯುತ್ತದೆ.

ತೆರೆದ ಹೆಡ್‌ಫೋನ್ ಅಂದರೆ ಎರಡೂ ಕಡೆ ತೆರೆದದ್ದೇ. ನಿಮ್ಮ ಹಾಡು ಪಕ್ಕದವರಿಗೆ ಕೇಳುತ್ತದೆ, ಹೊರಗಿನ ಗದ್ದಲ ನಿಮಗೆ ಕೇಳುತ್ತದೆ. ಬಸ್ಸಿನಲ್ಲಿ ಹಾಕಿಕೊಂಡೆ, ಎಂಜಿನ್ ಸದ್ದಿಗೆ ಡಗ್ಗ ಪೂರ್ತಿ ಮುಳುಗಿತು. ಗೊತ್ತಿಲ್ಲದೆ ವಾಲ್ಯೂಮ್ ಏರಿಸುತ್ತಾ ಹೋಗಿದ್ದೆ. ಇದು ಬರೀ ರುಚಿಯ ಮಾತಲ್ಲ. ದೊಡ್ಡವರಿಗೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಮಿತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಟ್ಟ 3 ಡೆಸಿಬೆಲ್ ಏರಿದರೆ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. ಪ್ರಯಾಣದಲ್ಲಿ ಚೂ ಹಾಕಿಕೊಂಡರೆ ಗದ್ದಲ ಹೊರಗೇ ಉಳಿಯುತ್ತದೆ, ಮೆಲ್ಲಗೆ ಕೇಳಿದರೂ ಸಾಕಾಗುತ್ತದೆ.

ಕಡಿಮೆ ಬೆಲೆ ಅಂತ ಅಳುಕುವವರಿಗೆ ಒಂದು ಮಾತು. 2017ರಲ್ಲಿ ಜೆರೋನ್ ಬ್ರೀಬಾರ್ಟ್ ಎಂಬ ಸಂಶೋಧಕ 283 ಹೆಡ್‌ಫೋನ್‌ಗಳ ಅಳತೆ ಹೋಲಿಸಿದರು. ಸ್ವರಗಳ ಸಮತೋಲಕ್ಕೂ ಬೆಲೆಗೂ ಸಂಬಂಧ ಕಾಣಲಿಲ್ಲ. ಗಟ್ಟಿತನ, ಪ್ಯಾಡಿನ ಮೆತ್ತಗೆತನ, ಬಿಡಿಭಾಗ ಸಿಗುವುದು, ಇವಕ್ಕೆ ಜಾಸ್ತಿ ದುಡ್ಡು ಹೋಗಬಹುದು. ದನಿಯ ಸಮತೋಲ ಮಾತ್ರ ಅಗ್ಗದ್ದರಲ್ಲೂ ಸಿಗುತ್ತದೆ, ಹುಡುಕಬೇಕು ಅಷ್ಟೇ.

ಅಲ್ಪಸ್ವಲ್ಪ ಕೊರತೆ ಇದ್ದರೆ ಫೋನಿನಲ್ಲೇ ಸ್ವರಗಳನ್ನು ಬೇಕಾದಷ್ಟು ಏರಿಸಿ ಇಳಿಸುವ ಈಕ್ವಲೈಸರ್ ಇದೆ. ಆಟೋಇಕ್ಯೂ ಎಂಬ ಉಚಿತ ಯೋಜನೆಯಲ್ಲಿ ಬಹಳಷ್ಟು ಮಾದರಿಗಳಿಗೆ ಸಿದ್ಧ ಸೆಟ್ಟಿಂಗ್ ಸಿಗುತ್ತವೆ. ಕೈಯಾರೆ ಮಾಡುವುದಾದರೆ ಬೇಕಾದ್ದನ್ನು ಏರಿಸುವ ಬದಲು ಬೇಡದ್ದನ್ನು ಇಳಿಸಿ. ಏರಿಸಲೇಬೇಕು ಅಂದರೆ ಎಷ್ಟು ಏರಿಸಿದಿರೋ ಅಷ್ಟನ್ನು ಪ್ರಿಆಂಪ್‌ನಲ್ಲಿ, ಅಂದರೆ ಇಡೀ ದನಿಯ ಮಟ್ಟದಲ್ಲಿ, ತಗ್ಗಿಸಿ, ಇಲ್ಲದಿದ್ದರೆ ಜೋರು ಜಾಗಗಳಲ್ಲಿ ದನಿ ಒಡೆಯುತ್ತದೆ. ಪೋರ್ಟಾ ಪ್ರೊದಲ್ಲಿ ಮೇಲಿನ ಬೇಸನ್ನು 3 ಡೆಸಿಬೆಲ್ ತಗ್ಗಿಸಿದ ಮೇಲೆ ಗಂಡು ದನಿಗಳು ಇನ್ನಷ್ಟು ಬಿಡಿಸಿಕೊಂಡವು.

ಗೆಳೆಯರ ಎರಡನ್ನೂ ವಾಪಸ್ ಕೊಟ್ಟೆ. ಒಂದೇ ಒಂದು ಕೊಳ್ಳಬೇಕು, ಹೊರಗೆ ಕೇಳುವುದೇ ಜಾಸ್ತಿ ಅನ್ನುವವರಿಗೆ ನಾನು ಕಣ್ಣುಮುಚ್ಚಿ ಚೂ ಹೇಳುತ್ತೇನೆ. ಕನ್ನಡಕ ಇಲ್ಲ, ಮೇಜಿನ ಮುಂದೆ ಕೂತು ರೆಕಾರ್ಡಿಂಗ್ ಎಡಿಟ್ ಮಾಡುವ ಕೆಲಸ ಅಂದರೆ ಎಂ20ಎಕ್ಸ್. ಸದ್ದಿಲ್ಲದ ಕೋಣೆ, ಹಾಡಿಗೆ ಅಂತಲೇ ಎತ್ತಿಟ್ಟ ಹೊತ್ತು ಇರುವವರಿಗೆ ಪೋರ್ಟಾ ಪ್ರೊ. ನನ್ನ ಬ್ಯಾಗಿನಲ್ಲಿ ಈಗ ಚೂ ಇದೆ, ರಾತ್ರಿಗೆ ಪೋರ್ಟಾ ಪ್ರೊ. ಅದರ ಸ್ಪಂಜು ಸವೆದು ತೆಳ್ಳಗಾಗಿದೆ. ಹೊಸ ಜೋಡಿ ತರಿಸಿದ್ದೇನೆ, ಈ ವಾರ ಬದಲಿಸಬೇಕು.