ಟೊಪ್ಪಿಯ ಅಂಚಿನ ಕೂದಲನ್ನು ಸುಟ್ಟು ನೋಡಿದ ಮೇಲೆ: ಚಳಿಗಾಲದ ಕೋಟು ಕೊಳ್ಳುವವರಿಗೆ ಎಚ್ಚರಿಕೆ

ಕೆನಡಾದ ವಿನಿಪೆಗ್ ನಗರಕ್ಕೆ ಓದಲು ಬಂದ ಮೊದಲ ವರ್ಷವೇ ನಾನು ಎರಡು ಕೋಟುಗಳಿಗೆ ಹಣ ಕಳೆದುಕೊಂಡೆ. ಒಂದನ್ನು ಹೊರಡುವ ಮುನ್ನ ಬೆಂಗಳೂರಿನಲ್ಲಿ ಕೊಂಡಿದ್ದೆ, ಇನ್ನೊಂದನ್ನು ಇಲ್ಲಿಗೆ ಬಂದ ಮೇಲೆ ಅಂತರಜಾಲದ ಅಂಗಡಿಯೊಂದರಿಂದ ತರಿಸಿಕೊಂಡೆ. ಮೊದಲನೆಯದರಲ್ಲಿ ತಪ್ಪು ಬಹುಪಾಲು ನನ್ನ ತಿಳಿವಳಿಕೆಯದಾಗಿತ್ತು. ಎರಡನೆಯದು ಶುದ್ಧ ಮೋಸ. ಪ್ರತಿ ಆಗಸ್ಟಿನಲ್ಲಿ ಊರಿನಿಂದ ಹೊರಡುವ ಹುಡುಗ ಹುಡುಗಿಯರು ಕೋಟಿನ ಬಗ್ಗೆ ನನ್ನನ್ನು ಕೇಳುತ್ತಲೇ ಇರುವುದರಿಂದ, ನಡೆದದ್ದನ್ನು ನಡೆದಂತೆಯೇ ಇಲ್ಲಿ ಬರೆದಿಡುತ್ತಿದ್ದೇನೆ.

ಬೆಂಗಳೂರಿನ ಅಂಗಡಿಯ ಕೋಟಿನ ಮೇಲೆ ‘ಮೈನಸ್ 20 ಡಿಗ್ರಿಯವರೆಗೆ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಬೆಂಗಳೂರಿನಲ್ಲಿ ಈವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹೀಗಿರುವಾಗ ಆ ಮಾತನ್ನು ಮಾರುವವನೂ ಪರೀಕ್ಷಿಸಿರಲಿಲ್ಲ, ಕೊಳ್ಳುವ ನನಗೂ ಪರೀಕ್ಷಿಸುವ ದಾರಿ ಇರಲಿಲ್ಲ. ವಿನಿಪೆಗ್‌ನಲ್ಲಿ ಜನವರಿಯ ರಾತ್ರಿಗಳು ಸಾಮಾನ್ಯವಾಗಿಯೇ ಮೈನಸ್ 20ರ ಆಸುಪಾಸಿನಲ್ಲಿರುತ್ತವೆ, ಕಾರಿನ ಎಂಜಿನ್ ಹೆಪ್ಪುಗಟ್ಟದಿರಲೆಂದು ಜನ ರಾತ್ರಿಯಿಡೀ ಅದಕ್ಕೆ ವಿದ್ಯುತ್ ತಂತಿ ಸಿಕ್ಕಿಸಿಡುತ್ತಾರೆ. ಅದರ ಮೇಲೆ ಗಾಳಿಯ ಲೆಕ್ಕ ಬೇರೆ. ಮೈನಸ್ 20 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 33ರಂತೆ ತಾಗುತ್ತದೆ, ಆ ಸ್ಥಿತಿಯಲ್ಲಿ ತೆರೆದ ಚರ್ಮ ಹತ್ತರಿಂದ ಮೂವತ್ತು ನಿಮಿಷದೊಳಗೆ ಹೆಪ್ಪುಗಟ್ಟಬಹುದು. ಮಲಗುಚೀಲಗಳ ಬೆಚ್ಚಗಿನ ಮಟ್ಟವನ್ನು ಅಳೆಯಲು ಅಂತರರಾಷ್ಟ್ರೀಯ ಮಾನದಂಡವೊಂದಿದೆ. ಪೇಟೆಯಲ್ಲಿ ತೂಗುಹಾಕಿರುವ ಕೋಟುಗಳ ಮೇಲಿನ ಡಿಗ್ರಿಯನ್ನಾದರೋ ಸಾಮಾನ್ಯವಾಗಿ ತಯಾರಿಸಿದವರು ತಮ್ಮ ಅಂದಾಜಿನಲ್ಲೇ ಬರೆದುಕೊಂಡಿರುತ್ತಾರೆ. ನನ್ನ ಕೋಟು ಸೊಂಟಕ್ಕೇ ನಿಂತುಬಿಡುತ್ತಿತ್ತು, ತೋಳಿನ ತುದಿಯಲ್ಲಿ ಗಾಳಿ ತಡೆಯುವ ಪಟ್ಟಿಯಿರಲಿಲ್ಲ. ನವೆಂಬರಿನ ಎರಡನೆಯ ವಾರಕ್ಕೆ ಅದು ಸ್ವೆಟರಿನ ಕೆಲಸಕ್ಕೆ ಇಳಿಯಿತು.

ಎರಡನೆಯ ಕೋಟಿನ ಜಾಹೀರಾತು ನನ್ನಂಥವರಿಗಾಗಿಯೇ ಬರೆದಂತಿತ್ತು. ನಮ್ಮದು ಮಾಂಸ ಮುಟ್ಟದ ಮನೆ. ಡೌನ್ ಎಂಬ, ಹಕ್ಕಿಯ ಮೆತ್ತನೆಯ ತುಪ್ಪುಳ ತುಂಬಿದ ಕೋಟು ಹಾಕಿಕೊಳ್ಳಬೇಕೇ ಎಂಬ ಅಳುಕು ಮೊದಲಿನಿಂದಲೂ ಇತ್ತು. ಅಲ್ಲಿ ‘ಕ್ರೌರ್ಯರಹಿತ’, ‘ನೈತಿಕ’, ‘ಕೃತಕ ಫರ್’, ‘ಶೇಕಡಾ 90 ಹೆಬ್ಬಾತಿನ ಡೌನ್’ ಎಂಬ ನಾಲ್ಕು ಮಾತುಗಳು ಸಾಲಾಗಿದ್ದವು. ಪಕ್ಕದಲ್ಲಿ ಹಕ್ಕಿಯ ಚಿತ್ರವಿದ್ದ ಮುದ್ರೆಯಂಥದ್ದೊಂದು, ಮೇಲೆ ಕೆನಡಾದ ಗುರುತಾದ ಮೇಪಲ್ ಎಲೆ, ಕೆಳಗೆ ‘ಮೂವತ್ತು ವರ್ಷದ ನಮ್ಮ ಕುಟುಂಬದ ಅಂಗಡಿಯನ್ನು ಕಣ್ಣೀರಿನೊಂದಿಗೆ ಮುಚ್ಚುತ್ತಿದ್ದೇವೆ’ ಎಂಬ ಒಕ್ಕಣೆ. 640 ಡಾಲರಿನ ಕೋಟು 189 ಡಾಲರಿಗೆ ಸಿಗುತ್ತಿತ್ತು. ಇಷ್ಟು ಒಳ್ಳೆಯವರು ಅಂಗಡಿ ಮುಚ್ಚುತ್ತಿದ್ದಾರಲ್ಲ ಎಂದು ನಿಜವಾಗಿಯೂ ಮರುಗಿ ಹಣ ಕಟ್ಟಿದವಳು ನಾನು.

ಕೋಟು ಬರಲು ಮೂರೂವರೆ ವಾರ ಹಿಡಿಯಿತು. ಪೊಟ್ಟಣದ ಮೇಲಿನ ವಿಳಾಸ ಕೆನಡಾದ್ದಾಗಿರಲಿಲ್ಲ. ಕೋಟನ್ನು ಹಾಕಿಕೊಂಡು ಊರಿಗೆ ವಿಡಿಯೋ ಕರೆ ಮಾಡಿದಾಗ ಅಮ್ಮ ಮೊದಲು ಗಮನಿಸಿದ್ದು ಕೋಟಿನ ಟೊಪ್ಪಿಯ ಅಂಚಿನ ಕೂದಲನ್ನು. ‘ಅದು ಯಾವ ಪ್ರಾಣಿದ್ದೇ, ಹಾಗೆ ಕುತ್ತಿಗೆಗೆ ಸುತ್ತಿಕೊಂಡಿದ್ದೀಯಲ್ಲ?’ ಎಂದರು. ಕೃತಕದ್ದಮ್ಮಾ ಎಂದು ನಾನು ನಕ್ಕುಬಿಟ್ಟೆ. ರಾತ್ರಿ ಮಾತ್ರ ಅನುಮಾನ ಬಿಡಲಿಲ್ಲ. ಕೂದಲನ್ನು ಬಿಡಿಸಿ ಬುಡ ನೋಡಿದೆ. ಕೃತಕ ಫರ್ ಆಗಿದ್ದರೆ ಬುಡದಲ್ಲಿ ನೇಯ್ದ ಬಟ್ಟೆಯ ಹೆಣಿಗೆ ಕಾಣಬೇಕು; ನನಗೆ ಕಂಡದ್ದು ಬೆಳ್ಳಗಿನ ತೊಗಲು. ಕೃತಕ ಕೂದಲಿನ ತುದಿ ಸಾಮಾನ್ಯವಾಗಿ ಕತ್ತರಿಸಿದಂತೆ ಮೊಂಡಾಗಿರುತ್ತದೆ. ಇದರ ಒಂದೊಂದು ಎಳೆಯೂ ಸೂಜಿಯಂತೆ ಚೂಪಾಗುತ್ತ ಹೋಗಿತ್ತು. ನಾಲ್ಕು ಎಳೆ ಕಿತ್ತು, ಅಡುಗೆಮನೆಯ ತೊಟ್ಟಿಯ ಮೇಲೆ ಹಿಡಿದು ಬೆಂಕಿ ತಾಗಿಸಿದೆ. ಕೃತಕವಾಗಿದ್ದರೆ ಪ್ಲಾಸ್ಟಿಕ್ಕಿನಂತೆ ಕರಗಿ ಗಟ್ಟಿ ಮಣಿಯಾಗುತ್ತಿತ್ತು. ಇದು ತಲೆಗೂದಲು ಸುಟ್ಟ ವಾಸನೆ ಬಿಟ್ಟು ಬೂದಿಯಾಯಿತು.

ಇದು ನನ್ನೊಬ್ಬಳ ದುರದೃಷ್ಟವಲ್ಲ. ಪಂಜರಗಳಲ್ಲಿ ಸಾಕಿದ ರಕೂನ್ ನಾಯಿಯಂಥ ಪ್ರಾಣಿಗಳ ತುಪ್ಪಟ ಎಷ್ಟೋ ಸಲ ಒಳ್ಳೆಯ ಕೃತಕ ಫರ್‌ಗಿಂತ ಅಗ್ಗವಾಗಿ ಸಿಗುವುದರಿಂದ, ನಿಜವಾದದ್ದನ್ನು ಕೃತಕವೆಂದು ಹೇಳಿ ಮಾರುವ ತಲೆಕೆಳಗಾದ ಮೋಸ ಹುಟ್ಟಿಕೊಂಡಿದೆ. 2013ರಲ್ಲಿ ಅಮೆರಿಕದಲ್ಲಿ ವ್ಯಾಪಾರದ ಮೋಸಗಳನ್ನು ತಡೆಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಇದೇ ತಪ್ಪಿಗಾಗಿ ಮೂರು ಮಾರಾಟ ಸಂಸ್ಥೆಗಳ ಮೇಲೆ ಕ್ರಮ ಕೈಗೊಂಡಿತ್ತು. ಆದ್ದರಿಂದ ‘ಕೃತಕ’ ಎಂಬ ಚೀಟಿ ನೋಡಿ ಸುಮ್ಮನಾಗದೆ, ಕೂದಲಿನ ಬುಡವನ್ನು ಅಂಗಡಿಯಲ್ಲೇ ಬಿಡಿಸಿ ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೂ ಚಿಂತೆಯಿಲ್ಲ.

ಒಳಗೇನಿದೆ ಎಂಬುದು ಗೊತ್ತಾಗಿದ್ದು ಮತ್ತೂ ಕೆಟ್ಟ ದಿನದಲ್ಲಿ. ಜನವರಿಯ ಒಂದು ಬೆಳಗ್ಗೆ, ಮೈನಸ್ 27ರಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಜಿಪ್ಪಿನ ರನ್ನರ್ ಹಲ್ಲು ಬಿಟ್ಟು ಕೈಗೆ ಬಂತು. ಕೋಟು ಕೆಳಗಿನಿಂದ ಮೇಲಿನವರೆಗೂ ತೆರೆದುಕೊಂಡಿತು. ಎರಡೂ ಕೈಯಲ್ಲಿ ಅದನ್ನು ಮುಚ್ಚಿ ಹಿಡಿದದ್ದರಿಂದ ಟೊಪ್ಪಿಯನ್ನು ಹಿಡಿದುಕೊಳ್ಳಲು ಕೈಯೇ ಉಳಿಯಲಿಲ್ಲ. ಬಸ್ಸು ಬರುವ ಹೊತ್ತಿಗೆ ಎಡಗಿವಿಯ ಅಂಚು ಬೆಳ್ಳಗಾಗಿ ಮರಗಟ್ಟಿತ್ತು, ಆಮೇಲೆ ಹಲವು ದಿನ ಅದರ ಸಿಪ್ಪೆ ಏಳುತ್ತಿತ್ತು. ಅಂದು ಸಂಜೆ ಸಿಟ್ಟಿನಲ್ಲಿ ಕೋಟಿನ ಅಸ್ತರಿನ ಹೊಲಿಗೆಯನ್ನು ಎರಡು ಅಂಗುಲ ಬಿಚ್ಚಿದೆ. ಕೈಗೆ ಬಂದದ್ದು ಕತ್ತರಿಸಿದ ಗರಿಯ ಚೂರುಗಳು, ಕಡ್ಡಿಗಳು, ನಡುವೆ ಗಂಟುಕಟ್ಟಿದ ಪಾಲಿಯೆಸ್ಟರ್.

ನಿಜವಾದ ಡೌನ್ ಗರಿಯಲ್ಲ. ಅದಕ್ಕೆ ನಡುದಂಟೇ ಇರುವುದಿಲ್ಲ. ಎಕ್ಕದ ಕಾಯಿ ಒಡೆದಾಗ ಹಾರುವ ಬೀಜದ ನವಿರಿನಂತೆ, ಒಂದು ಚುಕ್ಕಿಯಿಂದ ಎಲ್ಲ ದಿಕ್ಕಿಗೂ ಹೊರಟ ಎಳೆಗಳ ಉಂಡೆ ಅದು. ಬೆಚ್ಚಗಿಡುವುದು ಆ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಹೊರತು ತುಪ್ಪುಳವಲ್ಲ. ಬೂರುಗದ ಹತ್ತಿಯ ದಿಂಬನ್ನು ಬಿಸಿಲಿಗಿಟ್ಟು ಬಡಿದಾಗ ಅದು ಉಬ್ಬುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಆ ಉಬ್ಬುವ ಗುಣವನ್ನು ಫಿಲ್ ಪವರ್ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ: ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಡೌನ್ ಎಷ್ಟು ಘನ ಅಂಗುಲ ಜಾಗ ತುಂಬುತ್ತದೆ ಎಂಬ ಅಳತೆ ಅದು. 550 ಸಾಧಾರಣ, 650 ಚೆನ್ನ, 800 ಬಹಳ ಮೇಲುದರ್ಜೆ. ಆದರೆ ಮಾರುವವರು ಕೂಗಿ ಹೇಳುವ ಈ ಸಂಖ್ಯೆ ಅರ್ಧ ಸತ್ಯ ಮಾತ್ರ. ಒಟ್ಟು ಎಷ್ಟು ಗ್ರಾಂ ತುಂಬಿದ್ದಾರೆ ಎಂಬುದನ್ನು ಕೇಳದಿದ್ದರೆ ಅದಕ್ಕೆ ಅರ್ಥವಿಲ್ಲ. 800 ಫಿಲ್ ಪವರಿನ 100 ಗ್ರಾಂ ಇರುವ ಕೋಟಿಗಿಂತ, ಅದೇ ಅಳತೆಯ, 600ರ ಡೌನ್ 250 ಗ್ರಾಂ ತುಂಬಿದ ಕೋಟು ಹೆಚ್ಚು ಬೆಚ್ಚಗಿರುತ್ತದೆ. ಭಾರವೂ ಸ್ವಲ್ಪ ಹೆಚ್ಚು, ಅಷ್ಟೆ. ಎರಡೂ ಸಂಖ್ಯೆಗಳನ್ನು ಬರೆದುಕೊಡದ ಅಂಗಡಿಯಿಂದ ಡೌನ್ ಕೋಟು ಕೊಳ್ಳಬೇಡಿ ಎಂಬುದು ಈಗ ನನ್ನ ಹಟ.

ಹೊಲಿಗೆಯನ್ನೂ ಬೆಳಕಿಗೆ ಹಿಡಿದು ನೋಡಬೇಕು. ಹೊರಬಟ್ಟೆಯನ್ನೂ ಒಳಬಟ್ಟೆಯನ್ನೂ ನೇರವಾಗಿ ಸೇರಿಸಿ ಹೊಲಿದಿದ್ದರೆ ಪ್ರತಿ ಹೊಲಿಗೆಯ ಗೆರೆಯಲ್ಲೂ ತುಪ್ಪುಳ ಇರುವುದಿಲ್ಲ, ಅಲ್ಲಿಂದ ಚಳಿ ಒಳಬರುತ್ತದೆ. ಬೆಂಗಳೂರಿನ ಚಳಿಗೆ ಅದು ಧಾರಾಳ ಸಾಕು, ಇಲ್ಲಿಗೆ ಸಾಲದು.

ಇನ್ನು ಆ ಹಕ್ಕಿಯ ಮುದ್ರೆ. ಡೌನ್ ಹೆಚ್ಚಾಗಿ ಮಾಂಸಕ್ಕಾಗಿ ಸಾಕಿದ ಬಾತು ಮತ್ತು ಹೆಬ್ಬಾತುಗಳಿಂದ ಬರುತ್ತದೆ. ಅದರಲ್ಲಿ ಎರಡು ಕ್ರೌರ್ಯಗಳು ಕುಖ್ಯಾತವಾದವು: ಜೀವಂತ ಹಕ್ಕಿಯ ತುಪ್ಪುಳ ಕೀಳುವುದು, ಮತ್ತು ಪಿತ್ತಜನಕಾಂಗ ಊದಿಸಲು ಗಂಟಲಿಗೆ ಕೊಳವೆಯಿಟ್ಟು ಬಲವಂತವಾಗಿ ಉಣಿಸುವುದು. ಇವೆರಡನ್ನೂ ನಿಷೇಧಿಸುವ ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್ ಎಂಬ ನಿಯಮಾವಳಿ 2014ರಿಂದ ಇದೆ; ಅದನ್ನು ನಡೆಸುವುದು ಟೆಕ್ಸ್‌ಟೈಲ್ ಎಕ್ಸ್‌ಚೇಂಜ್ ಎಂಬ ಸಂಸ್ಥೆ. ನಿಜವಾಗಿ ಪ್ರಮಾಣಿತವಾದ ಕೋಟಿನ ಚೀಟಿಯಲ್ಲಿ ಮುದ್ರೆಯ ಜೊತೆಗೆ ತಪಾಸಣೆ ಮಾಡಿದ ಸಂಸ್ಥೆಯ ಉಲ್ಲೇಖವೂ ಪರವಾನಗಿ ಸಂಖ್ಯೆಯೂ ಇರಬೇಕು. ನನ್ನ ಕೋಟಿನಲ್ಲಿ ಇದ್ದದ್ದು ಹಕ್ಕಿ ಮಾತ್ರ. ಹಾಗೆಂದು ಈ ಪ್ರಮಾಣಪತ್ರ ಅಹಿಂಸೆಯ ಪ್ರಮಾಣಪತ್ರವೇನೂ ಅಲ್ಲ. ಹಕ್ಕಿ ಕೊನೆಗೆ ಕಸಾಯಿಖಾನೆಗೇ ಹೋಗಿರುತ್ತದೆ. ಅದು ಒಪ್ಪಿಗೆಯಾಗದವರು ಪಾಲಿಯೆಸ್ಟರ್ ತುಂಬಿದ ಕೋಟನ್ನು ನೋಡಬಹುದು. ಒದ್ದೆಯಾದರೂ ಅದು ತಕ್ಕಮಟ್ಟಿಗೆ ಬೆಚ್ಚಗಿರುತ್ತದೆ, ಆದ್ದರಿಂದ ಲಂಡನ್ ಅಥವಾ ವ್ಯಾಂಕೂವರಿನ ಮಳೆ ಚಳಿಗೆ ನಾನಾದರೂ ಅದನ್ನೇ ಹೇಳುತ್ತೇನೆ. ಆದರೆ ಒತ್ತಿ ಮಡಚಿಟ್ಟಷ್ಟೂ ಅದರ ಉಬ್ಬು ಡೌನ್‌ಗಿಂತ ಬೇಗ ಕುಗ್ಗುತ್ತದೆ; ಮೂರು ನಾಲ್ಕು ವರ್ಷಕ್ಕೊಂದು ಪ್ಲಾಸ್ಟಿಕ್ ಕೋಟನ್ನು ಕಸಕ್ಕೆ ಹಾಕುವುದೂ ನೀತಿಯ ಪ್ರಶ್ನೆಯೇ.

ಉಣ್ಣೆಯ ಓವರ್‌ಕೋಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹುಣಸೆ ಬೀಜದ ಗಂಜಿ ಹಾಕಿ ನೇಯ್ದ ಚಳ್ಳಕೆರೆ ಕಡೆಯ ಕರಿ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು ನಮ್ಮಜ್ಜ ಇಪ್ಪತ್ತು ಮಳೆಗಾಲ ಕಳೆದದ್ದನ್ನು ನೋಡಿದ ನನಗೆ ಉಣ್ಣೆಯ ಬಾಳಿಕೆಯ ಬಗ್ಗೆ ಅನುಮಾನವಿಲ್ಲ. ಮೆರಿನೋ ಉಣ್ಣೆಯಾದರೆ, ಕುರಿಯ ಹಿಂಭಾಗದ ಚರ್ಮವನ್ನೇ ಕತ್ತರಿಸಿ ತೆಗೆಯುವ ಮ್ಯೂಲ್ಸಿಂಗ್ ಪದ್ಧತಿಯಿಲ್ಲದ್ದು ಎಂದು ಖಚಿತಪಡಿಸಿಕೊಳ್ಳಿ. ನ್ಯೂಜಿಲೆಂಡ್ ಅದನ್ನು 2018ರಲ್ಲೇ ನಿಷೇಧಿಸಿದೆ. ನೀರು ಜಾರಿಸುವ ಲೇಪನದಲ್ಲಿಯೂ ಪಿಎಫ್‌ಎಎಸ್ ಎಂಬ, ಪರಿಸರದಲ್ಲಿ ಕರಗದೆ ಉಳಿಯುವ ರಾಸಾಯನಿಕಗಳಿಲ್ಲದ್ದನ್ನು ಕೇಳಿ ಪಡೆಯಬಹುದು. 2025ರಿಂದ ಕ್ಯಾಲಿಫೋರ್ನಿಯ ಹೊಸ ಬಟ್ಟೆಗಳಲ್ಲಿ ಅವುಗಳ ಬಳಕೆಯನ್ನು ತಡೆದಿರುವುದರಿಂದ, ಅವಿಲ್ಲದ ಕೋಟುಗಳು ಈಗ ಸುಲಭವಾಗಿ ಸಿಗುತ್ತಿವೆ.

ಹಣ ಮರಳಿ ಪಡೆಯುವ ಹೋರಾಟವನ್ನು ಮಾತ್ರ ವಿವರವಾಗಿ ಹೇಳಬೇಕು, ಏಕೆಂದರೆ ಅಲ್ಲಿಯೂ ಒಂದು ಬಲೆ ಇದೆ. ನನ್ನ ಮೊದಲ ಪತ್ರಕ್ಕೆ ಅತ್ಯಂತ ವಿನಯದ ಉತ್ತರ ಬಂತು: ಕೋಟನ್ನು ನೀವೇ ಇಟ್ಟುಕೊಳ್ಳಿ, ಶೇಕಡಾ 15ರಷ್ಟು ಹಣ ಕೊಡುತ್ತೇವೆ. ಒಪ್ಪದಿದ್ದಾಗ ಅದು 25 ಆಯಿತು, ಆಮೇಲೆ 35. ಪೂರ್ತಿ ಹಣ ಬೇಕಾದರೆ ಕೋಟನ್ನು ಸಾಗರದಾಚೆಯ ಗೋದಾಮಿಗೆ ನನ್ನ ಖರ್ಚಿನಲ್ಲಿ ಕಳಿಸಬೇಕಿತ್ತು, ಆ ಖರ್ಚು 90 ಡಾಲರ್ ದಾಟುತ್ತಿತ್ತು. ಈ ಚೌಕಾಸಿಯಲ್ಲಿ ವಾರಗಳನ್ನು ಕಳೆಯುವುದೇ ಅವರ ಉದ್ದೇಶ. ಅಷ್ಟರಲ್ಲಿ ಬ್ಯಾಂಕಿಗೆ ದೂರು ಕೊಡುವ ಗಡುವು ಕರಗುತ್ತಿರುತ್ತದೆ, ಅಲ್ಪಸ್ವಲ್ಪ ಹಣಕ್ಕೆ ಒಪ್ಪಿಕೊಂಡರಂತೂ ವ್ಯವಹಾರ ಬಗೆಹರಿದಿದೆ ಎಂದು ಅವರು ಬ್ಯಾಂಕಿಗೆ ತೋರಿಸಬಹುದು. ನಾನು ಕ್ರೆಡಿಟ್ ಕಾರ್ಡಿನಲ್ಲಿ ಹಣ ಕಟ್ಟಿದ್ದು ಪುಣ್ಯ. ಜಾಹೀರಾತಿನ ಪುಟದ ಚಿತ್ರ, ತೊಗಲು ಕಾಣುವ ಕೂದಲಿನ ಬುಡ, ಬಿಚ್ಚಿದ ಅಸ್ತರಿನೊಳಗಿನ ಕಡ್ಡಿಗಳು, ಅವರ ಎಲ್ಲ ಪತ್ರಗಳು, ಇಷ್ಟನ್ನೂ ಜೋಡಿಸಿ ಬ್ಯಾಂಕಿಗೆ ಕೊಟ್ಟ ಮೇಲೆ ಎರಡು ತಿಂಗಳಿಗೆ ಪೂರ್ತಿ ಹಣ ಬಂತು. ಡೆಬಿಟ್ ಕಾರ್ಡಿನಲ್ಲೋ ನೇರ ವರ್ಗಾವಣೆಯಲ್ಲೋ ಕಟ್ಟಿದ್ದರೆ ಅಷ್ಟು ಸುಲಭವಾಗುತ್ತಿರಲಿಲ್ಲ.

ಕೆನಡಾದಲ್ಲಿರುವವರಿಗೆ ಇನ್ನೊಂದು ಕೀಲಿ ಇದೆ. ಇಲ್ಲಿ ಮಾರುವ ಬಟ್ಟೆಯೊಳಗಿನ ಚೀಟಿಯಲ್ಲಿ ಏನೇನು ನೂಲು ಎಷ್ಟೆಷ್ಟಿದೆ ಎಂಬುದು ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲೂ ಇರಬೇಕು; ಜೊತೆಗೆ ಮಾರಾಟಗಾರರ ಹೆಸರು ವಿಳಾಸ, ಅಥವಾ ಅದರ ಬದಲಿಗೆ ಸಿಎ ಎಂಬ ಅಕ್ಷರಗಳ ಮುಂದೆ ಐದು ಅಂಕಿಗಳ ನೋಂದಣಿ ಸಂಖ್ಯೆ. ಆ ಸಂಖ್ಯೆ ಯಾರದೆಂದು ಕಾಂಪಿಟಿಷನ್ ಬ್ಯೂರೋ ಎಂಬ ಇಲ್ಲಿನ ಸರ್ಕಾರಿ ಸಂಸ್ಥೆಯ ಪಟ್ಟಿಯಲ್ಲಿ ಹುಡುಕಿ ನೋಡಬಹುದು. ನನ್ನ ಕೋಟಿನೊಳಗೆ ಅಳತೆಯ ಚೀಟಿ ಬಿಟ್ಟರೆ ಬೇರೇನೂ ಇರಲಿಲ್ಲ. ಬಂದ ದಿನವೇ ಅದನ್ನು ನೋಡಿದ್ದರೆ ಕಿವಿ ಉಳಿಯುತ್ತಿತ್ತು.

ಕೊನೆಗೆ ನಾನು ಕೊಂಡದ್ದು ಇಲ್ಲಿನ ಹಳೆ ಬಟ್ಟೆಯ ಅಂಗಡಿಯಿಂದ, 60 ಡಾಲರಿಗೆ, ಯಾರೋ ಹಲವು ವರ್ಷ ತೊಟ್ಟಿದ್ದ ಡೌನ್ ಕೋಟು. ತೊಡೆಯ ಅರ್ಧದವರೆಗೆ ಬರುತ್ತದೆ. ನನಗಾಗಿ ಹೊಸ ಹಕ್ಕಿಯೊಂದು ಸಾಯಲಿಲ್ಲ ಎಂಬ ಸಮಾಧಾನ ಅಮ್ಮನಿಗೂ ಇದೆ. ಹಳೆಯದರಲ್ಲೂ ಕಣ್ಣು ತೆರೆದಿರಬೇಕು. ಕೆನಡಾ ಗೂಸ್‌ನಂಥ ಹೆಸರಾಂತ ಸಂಸ್ಥೆಯೇ ಕೋಟುಗಳಿಗೆ ಫರ್ ಬಳಸುವುದನ್ನು ನಿಲ್ಲಿಸಿದ್ದು 2022ರ ಕೊನೆಗೆ. ಅದಕ್ಕೂ ಹಿಂದಿನ ಅನೇಕ ಕೋಟುಗಳ ಟೊಪ್ಪಿಯಲ್ಲಿ ಕಯೋಟಿ ಎಂಬ ತೋಳದಂಥ ಕಾಡುಪ್ರಾಣಿಯ ತುಪ್ಪಟ ಇರುತ್ತದೆ. ನನ್ನದರ ಅಂಚನ್ನು ಗುಂಡಿ ಬಿಚ್ಚಿ ಅಂಗಡಿಯಲ್ಲೇ ಬಿಟ್ಟುಬಂದೆ. ಟೊಪ್ಪಿ ಆಳವಾಗಿರುವುದರಿಂದ ಗಾಳಿ ಮುಖಕ್ಕೆ ಹೊಡೆಯುವುದಿಲ್ಲ. ಜಿಪ್ಪು ದಪ್ಪ ಹಲ್ಲಿನದು, ಪ್ಲಾಸ್ಟಿಕ್ಕಿನದು, ಎರಡು ರನ್ನರಿನದು. ಕಳೆದ ವರ್ಷ ಕೆಳಗಿನ ರನ್ನರ್ ಸಡಿಲವಾದಾಗ ಬೂಟು ರಿಪೇರಿಯವರು 15 ಡಾಲರಿಗೆ ಹೊಸದನ್ನು ಹಾಕಿಕೊಟ್ಟರು. ವರ್ಷಕ್ಕೊಮ್ಮೆ ಡೌನ್‌ಗೆಂದೇ ಇರುವ ಸೋಪಿನಲ್ಲಿ ಒಗೆದು, ಡ್ರೈಯರಿನ ಕಡಿಮೆ ಶಾಖದಲ್ಲಿ ಮೂರು ಟೆನಿಸ್ ಚೆಂಡುಗಳ ಜೊತೆ ತಾಸುಗಟ್ಟಲೆ ತಿರುಗಿಸಿದರೆ ಗಂಟುಗಳೆಲ್ಲ ಒಡೆದು ಅದು ಮತ್ತೆ ಉಬ್ಬುತ್ತದೆ. ಇದು ನನ್ನ ಮೈಮೇಲೆ ಅದರ ಐದನೆಯ ಚಳಿಗಾಲ.

ಈ ಅಕ್ಟೋಬರಿನಲ್ಲಿ ಅದೇ ಜಾಹೀರಾತು ಮತ್ತೆ ನನ್ನ ಫೋನಿಗೆ ಬಂದಿದೆ. ಕೋಟಿನ ಚಿತ್ರ ಅದೇ, ಹಕ್ಕಿಯ ಮುದ್ರೆ ಅದೇ, ಕಣ್ಣೀರಿನ ಒಕ್ಕಣೆಯೂ ಅದೇ. ಅಂಗಡಿಯ ಹೆಸರು ಮಾತ್ರ ಬೇರೆ, ಬೆಲೆ 169 ಡಾಲರ್.